ಮಿನೆಸ್ಟ್ರೋನೆ: ನಮ್ಮ ತರಕಾರಿ, ನಮ್ಮ ಕಾಳು, ಇಟಲಿಯ ಸೂಪು



ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಹೋಟೆಲ್ ನಡೆಸುವ ನಮಗೆ ಇಡ್ಲಿ, ದೋಸೆ, ಊಟದ ಜೊತೆಗೆ ‘ಕಾಂಟಿನೆಂಟಲ್’ ಆರ್ಡರುಗಳೂ ಬರುತ್ತವೆ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ, 1998ರಲ್ಲಿ ಆರಂಭವಾದ ಟ್ರಿಪಲ್ ಐಟಿ, 2002ರ ರಾಷ್ಟ್ರೀಯ ಕ್ರೀಡಾಕೂಟ ಕಂಡ ಕ್ರೀಡಾಂಗಣ, ಸುತ್ತಲೂ ಸಾಫ್ಟ್‌ವೇರ್ ಕಚೇರಿಗಳು. ಇಲ್ಲಿನ ಗಿರಾಕಿ ನಾಲ್ಕೂರು ನೋಡಿ ಬಂದವರು. ಕಚೇರಿಯ ಮೀಟಿಂಗಿಗೆ, ಹುಟ್ಟುಹಬ್ಬಕ್ಕೆ, ಆರತಕ್ಷತೆಗೆ ಮೆನು ಬರೆಸುವಾಗ ‘ವೆಜ್ ಮಿನಸ್ಟ್ರೋನ್ ಸೂಪ್, 50 ಜನಕ್ಕೆ’ ಎಂದು ಹೇಳುತ್ತಾರೆ.

ಆಗ ನಮ್ಮವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ‘ಅದು ನಮ್ಮಲ್ಲಿ ಆಗುವುದಿಲ್ಲ’ ಎಂದು ಆರ್ಡರನ್ನೇ ಬಿಡುತ್ತಾರೆ. ಕೆಲವರು ಪ್ಯಾಕೆಟ್ ಪುಡಿಯನ್ನು ನೀರಿಗೆ ಕಲಸಿ ಕಾರ್ನ್‌ಫ್ಲೋರ್ ಹಾಕಿ ಕೊಡುತ್ತಾರೆ. ಎರಡೂ ಬೇಡ. ಹುಳಿ, ಕೂಟು, ಬಸ್ಸಾರು ಮಾಡಲು ಬರುವ ಭಟ್ಟರಿಗೆ ಮಿನೆಸ್ಟ್ರೋನೆ ಕಷ್ಟದ ಕೆಲಸವಲ್ಲ. ಆದರೆ ಎರಡು ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಒಂದು, ಕಾಳು ಪೂರ್ತಿ ಬೇಯಬೇಕು. ಇನ್ನೊಂದು, ‘ವೆಜ್’ ಎಂದು ಬರೆದ ಮೇಲೆ ಅದು ನಿಜವಾಗಿ ಸಸ್ಯಾಹಾರವೇ ಆಗಿರಬೇಕು. ಮೊದಲನೆಯದು ಗಿರಾಕಿಯ ಆರೋಗ್ಯದ ಪ್ರಶ್ನೆ, ಎರಡನೆಯದು ಅವರ ನಂಬಿಕೆಯ ಪ್ರಶ್ನೆ. ಈ ಪಾಠವನ್ನು ಮೊದಲು ಮನೆಯ ಅಳತೆಯಲ್ಲಿ ಹೇಳಿ, ಆಮೇಲೆ ಹೋಟೆಲಿನ ಅಳತೆಗೆ ಬರುತ್ತೇವೆ.

ಹೆಸರು ಮತ್ತು ಹಿನ್ನೆಲೆ

ಇಟಲಿಯ ಭಾಷೆಯಲ್ಲಿ ‘ಮಿನೆಸ್ತ್ರ’ ಎಂದರೆ ಸೂಪು. ಅದಕ್ಕೆ ದೊಡ್ಡದು ಎಂಬ ಅರ್ಥದ ಪ್ರತ್ಯಯ ಸೇರಿ ಮಿನೆಸ್ಟ್ರೋನೆ, ಅಂದರೆ ‘ದೊಡ್ಡ ಸೂಪು’ ಆಯಿತು. ಇದು ಮನೆಯ ಅಡುಗೆ. ಆಯಾ ಕಾಲದಲ್ಲಿ ಸಿಗುವ ತರಕಾರಿ, ಯಾವುದಾದರೂ ಕಾಳು, ಸ್ವಲ್ಪ ಪಾಸ್ತಾ ಅಥವಾ ಅಕ್ಕಿ ಹಾಕಿ ಬೇಯಿಸುತ್ತಾರೆ. ಊರಿಗೊಂದು ಪದ್ಧತಿ. ಮಿಲಾನಿನವರು ಅಕ್ಕಿ ಹಾಕುತ್ತಾರೆ. ಜಿನೋವಾದವರು ಕೊನೆಯಲ್ಲಿ ಪೆಸ್ಟೊ ಎಂಬ ಹಸಿರು ಚಟ್ನಿ ಬೆರೆಸುತ್ತಾರೆ. ಟಸ್ಕನಿಯವರು ಉಳಿದ ಸೂಪಿಗೆ ಹಳೆಯ ಬ್ರೆಡ್ ಹಾಕಿ ಮರುದಿನ ಮತ್ತೆ ಕುದಿಸುತ್ತಾರೆ. ಮೈಸೂರಿನ ಹುಳಿಗೂ ಮಂಗಳೂರಿನ ಕೊದ್ದೆಲಿಗೂ ವ್ಯತ್ಯಾಸ ಇರುವ ಹಾಗೆಯೇ ಇದು. ಆದ್ದರಿಂದ ‘ಅಸಲಿ ರೆಸಿಪಿ ಯಾವುದು’ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕ್ರಮ ಗೊತ್ತಿದ್ದರೆ ಸಾಕು.

ಇನ್ನೊಂದು ಸ್ವಾರಸ್ಯ ನೋಡಿ. ಟೊಮೆಟೊ, ಆಲೂಗಡ್ಡೆ, ರಾಜ್ಮಾ ಇವೆಲ್ಲ ಅಮೆರಿಕ ಖಂಡದಿಂದ 1492ರ ನಂತರ ಹೊರ ಜಗತ್ತಿಗೆ ಬಂದವು. ಇಟಲಿಗೂ ಹೊಸದು, ನಮಗೂ ಹೊಸದು. ಅದಕ್ಕೂ ಮೊದಲು ಇಟಲಿಯಲ್ಲಿ ಬೆಳೆಯುತ್ತಿದ್ದ ಕಾಳುಗಳಲ್ಲಿ ನಮ್ಮ ಅಲಸಂದೆಯ ಜಾತಿಯದೂ ಒಂದು. ಹೀಗಾಗಿ ರಾಜ್ಮಾ ಬದಲು ಅಲಸಂದೆ ಕಾಳು ಹಾಕಿದರೆ ಏನೂ ತಪ್ಪಿಲ್ಲ. ಅದು ಬೇಗ ಬೇಯುತ್ತದೆ, ಸುಲಭವಾಗಿ ಸಿಗುತ್ತದೆ.

ಮನೆಯ ಅಳತೆ (ಸುಮಾರು 8 ಬಟ್ಟಲು)

ಬಿಳಿ ಅಥವಾ ಚಿತ್ರಾ ರಾಜ್ಮಾ 150 ಗ್ರಾಂ, ಈರುಳ್ಳಿ 100 ಗ್ರಾಂ, ಕ್ಯಾರೆಟ್ 150 ಗ್ರಾಂ, ಸೆಲರಿ ದಂಟು 2, ಬೆಳ್ಳುಳ್ಳಿ 4 ಎಸಳು, ಆಲೂಗಡ್ಡೆ 150 ಗ್ರಾಂ, ಬೀನ್ಸ್ 100 ಗ್ರಾಂ, ಎಲೆಕೋಸು 150 ಗ್ರಾಂ, ಸೀಮೆಬದನೆ ಅಥವಾ ಎಳೆ ಸೋರೆಕಾಯಿ 150 ಗ್ರಾಂ, ಹಣ್ಣಾದ ಟೊಮೆಟೊ 300 ಗ್ರಾಂ, ಸಣ್ಣ ಪಾಸ್ತಾ 80 ಗ್ರಾಂ, ಎಣ್ಣೆ 3 ದೊಡ್ಡ ಚಮಚ, ಪಲಾವ್ ಎಲೆ 1, ಕಾಳುಮೆಣಸಿನ ಪುಡಿ, ಉಪ್ಪು, ಕಾಮಕಸ್ತೂರಿ ಎಲೆ ಒಂದು ಹಿಡಿ. ಕಾಳು ಬೆಂದ ನೀರೂ ಸೇರಿ ಒಟ್ಟು ನೀರು ಒಂದೂಕಾಲು ಲೀಟರ್.

ಇಟಲಿಯವರು ಹಾಕುವ ಜುಕಿನಿ ದುಬಾರಿ ಎನಿಸಿದರೆ ಸೀಮೆಬದನೆ ಅದರ ಕೆಲಸ ಮಾಡುತ್ತದೆ. ನಾವು ಮೆಹದಿಪಟ್ಟಣದ ರೈತು ಬಜಾರಿನಲ್ಲಿ ಆ ದಿನ ಯಾವುದು ಎಳೆಯದಾಗಿ ಸಿಗುತ್ತದೋ ಅದನ್ನೇ ತರುತ್ತೇವೆ. ಸೆಲರಿ ಸಿಗದಿದ್ದರೆ ಕೊತ್ತಂಬರಿಯ ದಂಟನ್ನು ಸಣ್ಣಗೆ ಹೆಚ್ಚಿ ಹಾಕಿ. ರುಚಿ ಅದೇ ಆಗುವುದಿಲ್ಲ, ಆದರೆ ಹಸಿರು ಘಮ ಬರುತ್ತದೆ. ‘ಬೇಸಿಲ್’ ಎನ್ನುವುದು ನಮ್ಮ ಕಾಮಕಸ್ತೂರಿಯೇ. ಅದರ ಬೀಜವನ್ನು ಶರಬತ್ತಿಗೆ ಹಾಕುವುದು ಎಲ್ಲರಿಗೂ ಗೊತ್ತು. ಪೂಜೆಯ ತುಳಸಿಯನ್ನು ಹಾಕಬೇಡಿ, ಅದರ ಖಾರದ ಘಾಟು ಈ ಸೂಪಿಗೆ ಹೊಂದುವುದಿಲ್ಲ.

ಮೊದಲ ಪಾಠ: ಕಾಳು

ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷಾಂಶ ಇದೆ. ಕೆಂಪು ರಾಜ್ಮಾದಲ್ಲಿ ಹೆಚ್ಚು, ಬಿಳಿಯದರಲ್ಲಿ ಕಡಿಮೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರುವಾಗಬಹುದು. ಇಲ್ಲಿ ಭಟ್ಟರು ತಿಳಿಯಲೇಬೇಕಾದ ಮಾತು ಒಂದಿದೆ. ಕುದಿಯದೆ ಬರೇ ಬಿಸಿಯಲ್ಲಿ, ಅಂದರೆ ಸುಮಾರು 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಈ ವಿಷ ಹೋಗುವುದಿಲ್ಲ, ಹಸಿ ಕಾಳಿಗಿಂತ ಹೆಚ್ಚೂ ಆಗಬಹುದು. ಸಣ್ಣ ಉರಿಯಲ್ಲಿ ‘ತಾನಾಗಿ ಬೇಯಲಿ’ ಎಂದು ಬಿಡುವುದು ಅಪಾಯ.

ಕ್ರಮ ಹೀಗಿರಲಿ. ಕಾಳನ್ನು ರಾತ್ರಿ ನೆನೆಹಾಕಿ, 8ರಿಂದ 10 ಗಂಟೆ ನೆನೆಯಲಿ. ನೆನೆದ ನೀರನ್ನು ಚೆಲ್ಲಿ, ಕಾಳು ತೊಳೆದು ಹೊಸ ನೀರು ಹಾಕಿ. ಕೊತಕೊತ ಕುದಿಸಿ, ನೊರೆ ತೆಗೆದು, ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಕುಕ್ಕರ್ ಇಲ್ಲದೆ ತೆರೆದ ಪಾತ್ರೆಯಲ್ಲಾದರೆ ಕನಿಷ್ಠ ಅರ್ಧ ಗಂಟೆ ಜೋರಾಗಿ ಕುದಿಯಲೇಬೇಕು, ಆಮೇಲೆ ಮೆತ್ತಗಾಗುವವರೆಗೆ ಬೇಯಬೇಕು. ಸೀಟಿ ಎಣಿಸಿ ನಂಬಬೇಡಿ. ಬೇರೆ ಬೇರೆ ಕಡೆಯಿಂದ ಐದಾರು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಒಂದು ಕಾಳಿನ ನಡುವೆ ಬಿಳಿ ಗಟ್ಟಿ ಉಳಿದಿದ್ದರೂ ಮತ್ತೆ ಒಲೆಗೆ ಇಡಿ.

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಬೇಗ ಬೇಯುವುದಿಲ್ಲ. ಟ್ಯಾಂಕರ್ ನೀರು ನಂಬಿರುವ ನಮ್ಮಂಥವರು ಕಾಳಿಗೆ ಫಿಲ್ಟರ್ ನೀರನ್ನೇ ಬಳಸುವುದು ಒಳ್ಳೆಯದು. ಟೊಮೆಟೊದ ಹುಳಿ ತಾಗಿದರೂ ಕಾಳು ಗಟ್ಟಿಯಾಗುತ್ತದೆ. ಆದ್ದರಿಂದ ಕಾಳು ಪೂರ್ತಿ ಬೆಂದ ಮೇಲೆಯೇ ಟೊಮೆಟೊ ಜೊತೆ ಸೇರಲಿ. ಕಾಳು ಬೆಂದ ಎರಡನೆಯ ನೀರನ್ನು ಚೆಲ್ಲಬೇಡಿ. ಬಸ್ಸಾರಿಗೆ ಬಸಿದ ಕಟ್ಟು ಹೇಗೋ, ಈ ಸೂಪಿಗೆ ಅದೇ ಸತ್ವ.

ಎರಡನೆಯ ಪಾಠ: ಸೂಪು ಮಾಡುವ ಕ್ರಮ

1. ಈರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ಸಣ್ಣಗೆ ಹೆಚ್ಚಿ. ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬಾಡಿಸಿ. ನಮ್ಮ ಒಗ್ಗರಣೆಯ ಹಾಗೆ ಚಟಪಟ ಅನ್ನಿಸಬಾರದು, ಕೆಂಪಗೂ ಆಗಬಾರದು. ಸೂಪಿನ ಸಿಹಿ ರುಚಿಯೆಲ್ಲ ಇಲ್ಲಿಂದಲೇ ಬರುತ್ತದೆ. ಭಟ್ಟರು ಅವಸರ ಮಾಡುವುದೂ ಇಲ್ಲೇ.

2. ಬೆಳ್ಳುಳ್ಳಿ, ಪಲಾವ್ ಎಲೆ, ಆಲೂಗಡ್ಡೆ ಹಾಕಿ 5 ನಿಮಿಷ ಕೈಯಾಡಿಸಿ. ಹೆಚ್ಚಿದ ಟೊಮೆಟೊ ಹಾಕಿ ಹಸಿ ವಾಸನೆ ಹೋಗುವವರೆಗೆ ಬೇಯಿಸಿ.

3. ಕಾಳಿನ ನೀರು, ಮಾಮೂಲಿ ನೀರು, ಸ್ವಲ್ಪ ಉಪ್ಪು ಹಾಕಿ ಕುದಿ ಬಂದ ಮೇಲೆ ಉರಿ ತಗ್ಗಿಸಿ 20 ನಿಮಿಷ ಬಿಡಿ.

4. ಬೀನ್ಸ್, ಎಲೆಕೋಸು, ಸೀಮೆಬದನೆ ಹಾಕಿ ಇನ್ನೂ 15 ನಿಮಿಷ. ಮೃದು ತರಕಾರಿ ಮೊದಲೇ ಹಾಕಿದರೆ ಕರಗಿ ಗೊಜ್ಜಾಗುತ್ತದೆ.

5. ಬೆಂದ ಕಾಳಿನಲ್ಲಿ ಕಾಲು ಭಾಗ ಅರೆದು, ಉಳಿದದ್ದು ಇಡಿಯಾಗಿ ಸೇರಿಸಿ 10 ನಿಮಿಷ ಕುದಿಸಿ. ಮಂದಕ್ಕೆ ಇಷ್ಟು ಸಾಕು. ಕಾರ್ನ್‌ಫ್ಲೋರ್ ಬೇಡ, ಮೈದಾ ಬೇಡ.

6. ಪಾಸ್ತಾವನ್ನು ಬೇರೆ ನೀರಿನಲ್ಲಿ ಬೇಯಿಸಿ ಬಸಿದು ಸ್ವಲ್ಪ ಎಣ್ಣೆ ಸವರಿ ಇಡಿ. ಬಡಿಸುವಾಗ ಬಟ್ಟಲಿಗೆ ಹಾಕಿ ಮೇಲೆ ಸೂಪು ಸುರಿಯಿರಿ. ಮೊದಲೇ ಸೂಪಿಗೆ ಬೆರೆಸಿದರೆ ನೀರೆಲ್ಲ ಹೀರಿ ಉಬ್ಬಿ ಪೊಂಗಲ್ ಆಗುತ್ತದೆ.

7. ಕೊನೆಗೆ ಕಾಮಕಸ್ತೂರಿ ಎಲೆ ಕೈಯಲ್ಲೇ ಹರಿದು ಹಾಕಿ, ಮೆಣಸಿನ ಪುಡಿ ಉದುರಿಸಿ. ಆಲಿವ್ ಎಣ್ಣೆ ಇದ್ದರೆ ಬಡಿಸುವಾಗ ಅರ್ಧ ಚಮಚ ಮೇಲಿಂದ ಬಿಡಿ. ಅದನ್ನು ಬಾಡಿಸಲು ಸುರಿದು ಖರ್ಚು ಮಾಡುವ ಅಗತ್ಯವಿಲ್ಲ.

ಹೋಟೆಲಿನ ಅಳತೆ (ಸುಮಾರು 50 ಬಟ್ಟಲು)

ಎಲ್ಲವನ್ನೂ ಆರು ಪಟ್ಟು ಮಾಡಿ. ರಾಜ್ಮಾ 900 ಗ್ರಾಂ, ಈರುಳ್ಳಿ 600 ಗ್ರಾಂ, ಬೀನ್ಸ್ 600 ಗ್ರಾಂ, ಕ್ಯಾರೆಟ್, ಆಲೂಗಡ್ಡೆ, ಎಲೆಕೋಸು, ಸೀಮೆಬದನೆ ತಲಾ 900 ಗ್ರಾಂ, ಟೊಮೆಟೊ 1.8 ಕಿಲೊ, ಪಾಸ್ತಾ 500 ಗ್ರಾಂ, ಎಣ್ಣೆ 250 ಮಿ.ಲೀ. ನೀರು ಮಾತ್ರ ಆರು ಪಟ್ಟು ಬೇಡ, 7 ಲೀಟರ್ ಸಾಕು. ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವುದು ಕಡಿಮೆ. ಉಪ್ಪನ್ನು ಅರ್ಧ ಮೊದಲು, ಅರ್ಧ ಕೊನೆಗೆ ರುಚಿ ನೋಡಿ ಹಾಕಿ.

ಮೂರನೆಯ ಪಾಠ: ‘ವೆಜ್’ ಎಂಬ ಮಾತು

ಆರತಕ್ಷತೆಯ ಆರ್ಡರ್ ಕೊಡಲು ಬಂದ ಹಿರಿಯರೊಬ್ಬರು ನಮ್ಮ ಮೆನು ಓದಿ, “ಸ್ವಾಮಿ, ಶುದ್ಧ ಸಸ್ಯಾಹಾರಿ ಅಂತ ಬೋರ್ಡ್ ಹಾಕಿದ್ದೀರಿ. ಸೂಪಿನ ಮೇಲೆ ಉದುರಿಸುವ ಪಾರ್ಮೆಸಾನ್ ಚೀಸ್ ಯಾವುದರಿಂದ ಹೆಪ್ಪು ಹಾಕಿದ್ದು, ಹೇಳಬಲ್ಲಿರಾ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಎಲ್ಲ ಮಾಲೀಕರೂ ಇದಕ್ಕೆ ಉತ್ತರ ತಿಳಿದಿರಬೇಕು.

ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದಲೇ ಮಾಡಬೇಕೆಂದು ಅಲ್ಲಿನ ನಿಯಮ. ಅಂದರೆ ಅದು ಸಸ್ಯಾಹಾರಿಗಳಿಗೆ ಸಲ್ಲುವುದಿಲ್ಲ. ಸೂಕ್ಷ್ಮಾಣುಗಳಿಂದ ಪಡೆದ ರೆನೆಟ್ ಬಳಸಿದ ಚೀಸ್ ನಮ್ಮ ದೇಶದಲ್ಲೇ ಧಾರಾಳ ಸಿಗುತ್ತದೆ. ಪ್ಯಾಕೆಟ್ ತಿರುಗಿಸಿ ಹಸಿರು ಚುಕ್ಕೆಯನ್ನೂ ಪದಾರ್ಥಗಳ ಪಟ್ಟಿಯನ್ನೂ ಓದಿಯೇ ಕೊಳ್ಳಿ. ಚೀಸ್ ಇಲ್ಲದೆಯೂ ಈ ಸೂಪು ಚೆನ್ನಾಗಿರುತ್ತದೆ. ಹಾಕುವುದಾದರೆ ಬೇರೆ ಬಟ್ಟಲಲ್ಲಿ ಇಡಿ, ಬೇಕಾದವರು ಹಾಕಿಕೊಳ್ಳಲಿ.

ಇನ್ನೂ ಮೂರು ಕಡೆ ಎಚ್ಚರ ಬೇಕು. ಸೂಪಿಗೆ ಹಾಕುವ ಸ್ಟಾಕ್ ಕ್ಯೂಬ್‌ಗಳಲ್ಲಿ ಕೋಳಿಯದೂ ಇರುತ್ತದೆ. ಕೆಲವು ಪಾಸ್ತಾಗಳಲ್ಲಿ ಮೊಟ್ಟೆ ಇರುತ್ತದೆ. ರವೆ ಮತ್ತು ನೀರಿನಿಂದ ಮಾಡಿದ ಒಣ ಪಾಸ್ತಾ ಆರಿಸಿ. ಬಾಟಲಿಯ ಪೆಸ್ಟೊದಲ್ಲಿ ಚೀಸ್ ಸೇರಿರುತ್ತದೆ. ಗೋಧಿ ಆಗದವರಿಗೆ ಪಾಸ್ತಾ ಬದಲು ಮಿಲಾನಿನ ಕ್ರಮದಲ್ಲಿ ಅನ್ನ ಹಾಕಿ ಕೊಡಬಹುದು. ಜೈನ ಗಿರಾಕಿಗಳಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಬಿಟ್ಟು ಸೆಲರಿ ದಂಟು, ದಪ್ಪ ಮೆಣಸಿನಕಾಯಿ, ಸೋರೆಕಾಯಿ, ಟೊಮೆಟೊಗಳಿಂದ ಬೇರೆ ಪಾತ್ರೆಯಲ್ಲೇ ಮಾಡಿ. ಇನ್ನೇನು ಬಿಡಬೇಕೆಂದು ಅವರನ್ನೇ ಕೇಳಿ ಬರೆದುಕೊಳ್ಳಿ.

ನಾಲ್ಕನೆಯ ಪಾಠ: ಉಳಿದ ಸೂಪು

ಪೆಲ್ಲೆಗ್ರಿನೊ ಅರ್ತೂಸಿ ಎಂಬುವರು 1891ರಲ್ಲಿ ಇಟಲಿಯ ಮನೆಯಡುಗೆಯ ದೊಡ್ಡ ಪುಸ್ತಕವನ್ನು ಪ್ರಕಟಿಸಿದರು. ಮಿನೆಸ್ಟ್ರೋನೆ ಪಾಠದಲ್ಲಿ ಅವರು ತಮ್ಮದೇ ಅನುಭವ ಹೇಳಿದ್ದಾರೆ. 1855ರಲ್ಲಿ ಲಿವೊರ್ನೊ ಪಟ್ಟಣದ ಹೋಟೆಲಿನಲ್ಲಿ ಮಿನೆಸ್ಟ್ರೋನೆ ತಿಂದ ರಾತ್ರಿ ಹೊಟ್ಟೆ ಕೆಟ್ಟು ಒದ್ದಾಡಿ, ಸೂಪಿಗೆ ಶಾಪ ಹಾಕುತ್ತ ಊರು ಬಿಟ್ಟರು. ಆಮೇಲೆ ಗೊತ್ತಾಯಿತು, ಊರಲ್ಲಿ ಕಾಲರಾ ಹಬ್ಬಿತ್ತು, ಅವರು ಇಳಿದುಕೊಂಡಿದ್ದ ಮನೆಯ ಯಜಮಾನರೇ ಅದಕ್ಕೆ ತುತ್ತಾಗಿದ್ದರು. ಪಾಪ, ಸೂಪಿನ ತಪ್ಪಿರಲಿಲ್ಲ. ಆದರೆ ಹೊಟ್ಟೆ ಕೆಟ್ಟವರು ಮೊದಲು ಬೈಯುವುದು ಹೋಟೆಲಿನವರನ್ನೇ. ಆದ್ದರಿಂದ ನಮ್ಮ ಕಡೆಯಿಂದ ಲೋಪ ಇರಬಾರದು.

ಮರುದಿನದ ಹುಳಿಯಂತೆ ಮರುದಿನದ ಮಿನೆಸ್ಟ್ರೋನೆಗೂ ರುಚಿ ಹೆಚ್ಚು, ನಿಜ. ಆದರೆ ಕಾಳು, ಅನ್ನ, ಪಾಸ್ತಾ ಬೆಚ್ಚಗೆ ಉಳಿದರೆ ಕುದಿಗೂ ಸಾಯದ ಕೆಲವು ಸೂಕ್ಷ್ಮಾಣು ಬೀಜಗಳು ಮೊಳೆತು ಬೆಳೆಯುತ್ತವೆ. ಬಡಿಸುವ ಸೂಪು 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಲಿ. ಉಳಿಸುವುದಾದರೆ ಅಗಲವಾದ ತಟ್ಟೆಪಾತ್ರೆಗಳಿಗೆ ಎರಡು ಮೂರು ಅಂಗುಲ ಆಳಕ್ಕೆ ಸುರಿದು, ಐಸ್ ನೀರಿನ ಮೇಲಿಟ್ಟು ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಸಿ, ತಡಮಾಡದೆ 5 ಡಿಗ್ರಿಯ ಫ್ರಿಜ್ಜಿಗೆ ಸೇರಿಸಿ. 10 ಲೀಟರಿನ ಪಾತ್ರೆಯನ್ನು ಹಾಗೆಯೇ ಮುಚ್ಚಿಟ್ಟರೆ ನಡುಭಾಗ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ. ಮರುದಿನ ಒಲೆಯ ಮೇಲೆ ಪೂರ್ತಿ ಕುದಿಸಿಯೇ ಬೇನ್‌ಮರಿಗೆ ಹಾಕಿ. ಬೇನ್‌ಮರಿ ಬಿಸಿ ಕಾಯುವ ಪಾತ್ರೆ, ಬಿಸಿ ಮಾಡುವ ಒಲೆಯಲ್ಲ. ಒಮ್ಮೆ ಮಾತ್ರ ಬಿಸಿ ಮಾಡಿ, ಮತ್ತೆ ಉಳಿದರೆ ಎಸೆಯಿರಿ. ಒಂದು ಥರ್ಮಾಮೀಟರ್ ಕೊಂಡು ಭಟ್ಟರ ಕೈಗೆ ಕೊಡಿ, ಅದರ ಖರ್ಚು ಒಂದೇ ಆರ್ಡರಿನಲ್ಲಿ ಹುಟ್ಟುತ್ತದೆ.

ಕೊನೆಯದಾಗಿ

ಒಂದು ಭಾನುವಾರ ಮನೆಯಲ್ಲಿ 8 ಬಟ್ಟಲಿನ ಅಳತೆಯಲ್ಲಿ ಮಾಡಿ, ಮನೆಮಂದಿಗೆ ಕೊಟ್ಟು ರುಚಿ ಕೇಳಿ. ಆಮೇಲೆ ಭಟ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೋಟೆಲಿನ ಅಳತೆಯಲ್ಲಿ ಮಾಡಿಸಿ. ಕಾಳು ಒತ್ತಿ ನೋಡುವುದು, ಪ್ಯಾಕೆಟ್ ತಿರುಗಿಸಿ ಓದುವುದು, ತಣಿಸಿ ಇಡುವುದು, ಈ ಮೂರನ್ನೂ ಒಂದು ಹಲಗೆಯ ಮೇಲೆ ಬರೆಸಿ ಅಡುಗೆಮನೆಯಲ್ಲಿ ತೂಗುಹಾಕಿ. ಇಷ್ಟಾದ ಮೇಲೆ ‘ವೆಜ್ ಮಿನಸ್ಟ್ರೋನ್, 50 ಜನಕ್ಕೆ’ ಎಂದು ಫೋನ್ ಬಂದರೆ ಧೈರ್ಯವಾಗಿ ಆರ್ಡರ್ ಬರೆದುಕೊಳ್ಳಿ.