ಒಂದು ‘ಎಸ್’ ಬಿಟ್ಟುಹೋದ ರಾತ್ರಿ

ಗೊಟಗೋಡಿಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ಎಲ್‌ಎಲ್‌ವಿಎಂ ಬಿಲ್ಡ್ ಮಾಡಲು ಹೊರಟಾಗ ನನ್ನ ಹತ್ತಿರ ಇದ್ದದ್ದು ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. ಎಲ್‌ಎಲ್‌ವಿಎಂ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಪ್ರೊಸೆಸರಿನ ಭಾಷೆಗೆ ಇಳಿಸುವ ಕಂಪೈಲರುಗಳ ಮೂಲ ಸಾಮಗ್ರಿ. 2000ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಅಡ್ವೆ ಮತ್ತು ಕ್ರಿಸ್ ಲ್ಯಾಟ್ನರ್ ಆರಂಭಿಸಿದ್ದು. ಅದರೊಳಗಿನ ಎಂಎಲ್‌ಐಆರ್ ಎಂಬ ಭಾಗದ ಮೇಲೆ ನನಗೆ ಆಸೆ. ಅದನ್ನು ಕಟ್ಟಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂದುಗುಲ ಒಬ್ಬರು ಎಂದು ತಿಳಿದಾಗಿನಿಂದ, ಇದು ದೂರದ ಕೆಲಸವಲ್ಲ, ನಾನೂ ಕೈಹಾಕಬಹುದು ಅನ್ನಿಸಿತ್ತು.

ಮೊದಲ ಸಲ ಡೀಬಗ್ ಬಿಲ್ಡ್ ಆರಿಸಿಕೊಂಡೆ. ತಾಸುಗಟ್ಟಲೆ ಓಡಿ, ಕಂಪೈಲ್ ಆದ ತುಣುಕುಗಳನ್ನು ಲಿಂಕ್ ಮಾಡಿ ಜೋಡಿಸುವ ಹೊತ್ತಿಗೆ ‘ಕಿಲ್ಡ್’ ಎಂದು ನಿಂತಿತು. ಕಂಪೈಲರಿನಲ್ಲೇ ದೋಷ ಎಂದುಕೊಂಡು ಒಂದು ದಿನ ಕಳೆದೆ. ಕರ್ನೆಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೆಜ್ ತೆಗೆದು ನೋಡಿದಾಗಲೇ ಗೊತ್ತಾದದ್ದು: ಮೆಮೊರಿ ಸಾಲದೆ ಕರ್ನೆಲ್ಲೇ ಲಿಂಕರನ್ನು ಕೊಂದಿತ್ತು. ಡೀಬಗ್ ಮಾಹಿತಿ ಹೊತ್ತ ಲಿಂಕ್ ಒಂದೊಂದೂ ಗಿಗಾಬೈಟ್‌ಗಟ್ಟಲೆ ಮೆಮೊರಿ ನುಂಗುತ್ತದೆ, ಅಂಥವು ಮೂರು ನಾಲ್ಕು ಒಟ್ಟಿಗೆ ಓಡುತ್ತಿದ್ದವು.

ಎರಡನೆಯ ಸಲ, ಬಿಲ್ಡ್ ಸಿದ್ಧಪಡಿಸುವ ಸಿಮೇಕ್‌ಗೆ, ಡೀಬಗ್ ಮಾಹಿತಿ ಇಲ್ಲದ ರಿಲೀಸ್ ಎಂದು ಬರೆದೆ, ಒಮ್ಮೆಗೆ ಒಂದೇ ಲಿಂಕ್ ಎಂದೆ. ನನಗೆ ಬೇಕಾದ ಪ್ರೊಸೆಸರ್ ಎಕ್ಸ್86 ಒಂದೇ ಆದ್ದರಿಂದ ಉಳಿದವನ್ನು ಬಿಡು ಎಂದೂ ಹೇಳಿದೆ. ಆ ಸಿದ್ಧತೆಯಂತೆ ಕಂಪೈಲ್ ಮಾಡಿಸುವ ನಿಂಜಾ ಶುರುವಾಯಿತು. ಮಧ್ಯರಾತ್ರಿ ಹೈವೇ ಲಾರಿಗಳ ಸದ್ದಿನ ನಡುವೆ ಪರದೆಯನ್ನೇ ನೋಡುತ್ತಿದ್ದೆ. ‘ಹೆಕ್ಸಾಗನ್’ ಎಂಬ ಫೋಲ್ಡರಿನ ಕಡತ ಕಂಪೈಲ್ ಆಗಿ ಹೋಯಿತು. ಆಮೇಲೆ ‘ಸ್ಪಾರ್ಕ್’. ಆಮೇಲೆ ‘ಲಾನಾಯ್’. ಇವೆಲ್ಲ ಬೇರೆ ಪ್ರೊಸೆಸರುಗಳು, ಯಾವುದೂ ನಾನು ಕೇಳಿದ್ದಲ್ಲ.

ನಿಲ್ಲಿಸಿ, ಸಿಮೇಕ್ ಬರೆದಿದ್ದನ್ನು ಮೇಲಿನಿಂದ ಓದಿದೆ. ಎಲ್ಲ ಸರಿಯಾಗಿ ಮುಗಿದಿದೆ ಎಂಬ ಸಾಲಿನ ಅಕ್ಕಪಕ್ಕದಲ್ಲೇ ಒಂದು ಎಚ್ಚರಿಕೆ: ನೀವು ಕೊಟ್ಟ ಈ ವೇರಿಯಬಲ್ ಅನ್ನು ಪ್ರಾಜೆಕ್ಟ್ ಬಳಸಿಲ್ಲ. ಅದರ ಕೆಳಗೆ ನನ್ನದೇ ಬರಹ. ‘ಟಾರ್ಗೆಟ್ಸ್_ಟು_ಬಿಲ್ಡ್’ ಆಗಬೇಕಾದಲ್ಲಿ ‘ಟಾರ್ಗೆಟ್_ಟು_ಬಿಲ್ಡ್’. ಒಂದು ‘ಎಸ್’ ಇರಲಿಲ್ಲ. ಸಿಮೇಕ್ ಇಂಥದ್ದಕ್ಕೆ ಕೆಲಸ ನಿಲ್ಲಿಸುವುದಿಲ್ಲ. ಗುರುತಿಲ್ಲದ ಹೆಸರನ್ನು ಸುಮ್ಮನೆ ಇಟ್ಟುಕೊಂಡು, ಮೊದಲೇ ಇದ್ದ ಪಟ್ಟಿಯಂತೆ ಹದಿನೈದಕ್ಕೂ ಹೆಚ್ಚು ಪ್ರೊಸೆಸರುಗಳಿಗೆ ಬಿಲ್ಡ್ ಸಿದ್ಧಪಡಿಸುತ್ತದೆ.

ಕೂರಿಗೆಯ ಒಂದು ಕೊಳವೆಗೆ ಹಸಿ ಮಣ್ಣು ಕಟ್ಟಿಕೊಂಡರೆ ಆ ಸಾಲಿನಲ್ಲಿ ಬೀಜ ಬೀಳುವುದಿಲ್ಲ. ಗೊತ್ತಾಗುವುದು ಮೊಳಕೆ ಬರುವ ಹೊತ್ತಿಗೆ. ಅಂಥ ಖಾಲಿ ಸಾಲಿನ ಮುಂದೆ ನಿಂತು ಅಪ್ಪ ಹಿಂದೊಮ್ಮೆ, “ಇದು ಇವತ್ತ ಕೆಟ್ಟಿದ್ದಲ್ಲಪಾ, ಬಿತ್ತೂ ದಿನಾನ ಕೆಟ್ಟೈತಿ” ಅಂದಿದ್ದರು. ಆ ರಾತ್ರಿ ಅದು ನೆನಪಾಯಿತು.

‘ಎಸ್’ ಸೇರಿಸಿ ಮತ್ತೆ ಸಿಮೇಕ್ ಓಡಿಸುವಾಗ, ರಿಲೀಸ್ ಎಂದು ಮತ್ತೆ ಬರೆಯಬೇಕೇ ಎಂಬ ಯೋಚನೆ ಬಂತು. ಬೇಕಿಲ್ಲ, ಹಿಂದಿನ ಉತ್ತರಗಳನ್ನೆಲ್ಲ ಅದು ಸಿಮೇಕ್‌ಕ್ಯಾಶ್ ಎಂಬ ಕಡತದಲ್ಲಿ ಇಟ್ಟುಕೊಂಡಿರುತ್ತದೆ. ಅನುಕೂಲವೂ ಅದೇ, ಅಪಾಯವೂ ಅದೇ: ಆಜ್ಞೆಯಿಂದ ನಾವು ಅಳಿಸಿದ ಆಯ್ಕೆಯೂ ಅಲ್ಲಿ ಜೀವಂತವಾಗಿರುತ್ತದೆ. ಅದಕ್ಕೇ ದೊಡ್ಡ ಬದಲಾವಣೆ ಇದ್ದಾಗ ನಾನು ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸುತ್ತೇನೆ. ತಾಸುಗಳ ಕೆಲಸ ಅಳಿಸಲು ಕೈ ಬರುವುದಿಲ್ಲ, ನಿಜ. ಒಮ್ಮೆ ಕಂಪೈಲ್ ಆದದ್ದನ್ನು ಕಾಪಿಡುವ ಸಿಸಿಕ್ಯಾಶ್ ಹಾಕಿಕೊಂಡ ಮೇಲೆ ಆ ಸಂಕಟ ಹೋಯಿತು. ಬದಲಾಗದ ಕಡತಗಳು ನಿಮಿಷಗಳಲ್ಲಿ ಮರಳಿ ಬರುತ್ತವೆ.

ಈಗ ಸಿಮೇಕ್ ಮುಗಿದ ಕೂಡಲೇ ನಿಂಜಾ ಶುರು ಮಾಡುವುದಿಲ್ಲ. ಆಯ್ಕೆಗಳನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟಿದ್ದೇನೆ. ಬಂದ ಎಚ್ಚರಿಕೆಗಳನ್ನು ಓದುತ್ತೇನೆ, ಯಾವ ಪ್ರೊಸೆಸರುಗಳು ಪಟ್ಟಿಯಲ್ಲಿವೆ ಎಂದು ಬೆರಳಿಟ್ಟು ನೋಡುತ್ತೇನೆ.

ಮರುದಿನ ಸಂಜೆ ಎಂಎಲ್‌ಐಆರ್ ಪರೀಕ್ಷೆಗಳು ಓಡಿದವು. ಒಂದೂ ಬೀಳಲಿಲ್ಲ. ಅಪ್ಪನನ್ನು ಕರೆದು ಪರದೆ ತೋರಿಸಿದೆ. “ಎಲ್ಲಾ ಸಾಲೂ ಹುಟ್ಟ್ಯಾವ?” ಅಂತ ಕೇಳಿದರು.