ಕಾಲರಾ ವಿಷದ ಶೋಧನೆ: ಸಂಶೋಧನಾಕ್ರಮದ ಒಂದು ಪಾಠ

ಕಲಾ ಕಾಲೇಜಿನ ವಿದ್ಯಾರ್ಥಿಗಳಿಗೆ ವೈದ್ಯಕೀಯ ಸಂಶೋಧನೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಕಾರ್ಯಕಾರಣ ಸಂಬಂಧವನ್ನು ಕುರಿತು ಓದುತ್ತೇವೆ. ಎರಡು ಸಂದರ್ಭಗಳು ಒಂದೇ ಒಂದು ಅಂಶದಲ್ಲಿ ಭಿನ್ನವಾಗಿದ್ದು ಮಿಕ್ಕೆಲ್ಲ ಅಂಶಗಳಲ್ಲಿ ಸಮಾನವಾಗಿದ್ದರೆ, ಮತ್ತು ಕಾರ್ಯವು ಅವುಗಳಲ್ಲಿ ಒಂದರಲ್ಲಿ ಮಾತ್ರ ತೋರಿದರೆ, ಆ ಭಿನ್ನವಾದ ಅಂಶವೇ ಅದರ ಕಾರಣ ಅಥವಾ ಕಾರಣದ ಒಂದು ಭಾಗ ಎಂದು ಜಾನ್ ಸ್ಟುಅರ್ಟ್ ಮಿಲ್ಲನು ಹೇಳಿದ ವ್ಯತಿರೇಕ ವಿಧಾನವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಈ ವಿಧಾನವು ಪುಸ್ತಕದಿಂದ ಹೊರಬಂದು ಲಕ್ಷಾಂತರ ಜನರ ಪ್ರಾಣದ ಪ್ರಶ್ನೆಯನ್ನು ಹೇಗೆ ಬಿಡಿಸಿತು ಎಂಬುದನ್ನು ತಿಳಿಯಬೇಕಾದರೆ, ಕಲ್ಕತ್ತದ ವೈದ್ಯಕೀಯ ಕಾಲೇಜುಗಳಲ್ಲಿ ನಡೆದ ಕಾಲರಾ ಸಂಶೋಧನೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಪ್ರಕೃತ ಲೇಖನದ ಉದ್ದೇಶ ಅದನ್ನು ಸರಳವಾಗಿ ವಿವರಿಸುವುದೇ ಆಗಿದೆ.

ರೋಗದ ಸ್ವರೂಪ

ವಾಂತಿಭೇದಿ ಎಂದು ನಮ್ಮ ಜನ ಕರೆಯುವ ಕಾಲರಾ ರೋಗವು ಬಹು ವೇಗದ ರೋಗ. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಯ ಹೊತ್ತಿಗೆ ಇಲ್ಲವಾಗುವುದುಂಟು. ಭೇದಿಯು ಅಕ್ಕಚ್ಚಿನಂತೆ ತೆಳ್ಳಗೆ, ಬಿಳುಪಾಗಿ, ಎಡೆಬಿಡದೆ ಹೋಗುತ್ತದೆ. ತೀವ್ರವಾದ ರೋಗದಲ್ಲಿ ಒಂದು ಗಂಟೆಗೆ ಒಂದು ಲೀಟರಿನಷ್ಟು ನೀರು ದೇಹದಿಂದ ಹೊರಬೀಳಬಹುದು. ಕಣ್ಣು ಗುಳಿಬೀಳುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ, ನಾಡಿ ಸಿಕ್ಕದಂತಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ತೀವ್ರ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಸಾಯುತ್ತಾರೆ.

ಮರಣಕ್ಕೆ ಕಾರಣ ನೀರು ಮತ್ತು ಲವಣಗಳ ನಷ್ಟವೇ ಎಂಬುದನ್ನು ೧೮೩೧–೩೨ರಲ್ಲಿಯೇ ವಿಲಿಯಂ ಬ್ರೂಕ್ ಓಷಾನೆಸಿ ಎಂಬ ಇಪ್ಪತ್ತೆರಡು ವರ್ಷದ ತರುಣ ವೈದ್ಯನು ಇಂಗ್ಲೆಂಡಿನಲ್ಲಿ ರೋಗಿಗಳ ರಕ್ತವನ್ನು ಪರೀಕ್ಷಿಸಿ ತೋರಿಸಿದನು. ಅವನ ಬರಹವನ್ನು ಓದಿದ ಥಾಮಸ್ ಲ್ಯಾಟಾ ಎಂಬ ವೈದ್ಯನು ೧೮೩೨ರಲ್ಲಿ ಸ್ಕಾಟ್ಲೆಂಡಿನಲ್ಲಿ ಉಪ್ಪುನೀರನ್ನು ನೇರವಾಗಿ ರಕ್ತನಾಳಕ್ಕೆ ಹೊಗಿಸಿ, ಕೊನೆಯುಸಿರೆಳೆಯುತ್ತಿದ್ದ ಕೆಲವರನ್ನು ಎಬ್ಬಿಸಿದನು. ಆದರೆ ಶುದ್ಧೀಕರಣದ ಜ್ಞಾನ ಆ ಕಾಲದಲ್ಲಿ ಇರಲಿಲ್ಲ. ಈ ಚಿಕಿತ್ಸೆಯನ್ನು ವೈದ್ಯಲೋಕ ಬಹುಬೇಗ ಕೈಬಿಟ್ಟಿತು. ಓಷಾನೆಸಿಯಾದರೋ ಮುಂದೆ ಭಾರತಕ್ಕೆ ಬಂದು, ೧೮೩೫ರಲ್ಲಿ ಸ್ಥಾಪಿತವಾದ ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಕಾಲೇಜಿನ ಲಿಯೊನಾರ್ಡ್ ರಾಜರ್ಸ್ ಅವರು ರಕ್ತನಾಳದ ಮೂಲಕ ಲವಣಜಲ ಕೊಡುವ ಕ್ರಮವನ್ನು ಮತ್ತೆ ಬಳಕೆಗೆ ತಂದು ಮರಣಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಿದರು.

ಆದರೆ ನೀರು ಏಕೆ ಹೊರಬೀಳುತ್ತದೆ? ಇದೇ ಮೂಲ ಪ್ರಶ್ನೆ. ೧೮೮೪ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತಕ್ಕೆ ಬಂದು, ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ರೋಗಾಣುವನ್ನು ಬೇರ್ಪಡಿಸಿ ತೋರಿಸಿದನು. ಈ ಅಣು ಕರುಳಿನಲ್ಲಿ ಒಂದು ವಿಷವನ್ನು ಸ್ರವಿಸುತ್ತಿರಬೇಕೆಂದು ಅವನು ಊಹಿಸಿದನು. ಊಹೆಯೇನೋ ಸರಿಯಾಗಿತ್ತು. ಆದರೆ ಅದನ್ನು ಸಿದ್ಧಪಡಿಸಲು ಮುಂದೆ ೭೫ ವರ್ಷಗಳು ಬೇಕಾದುವು.

ಇಷ್ಟು ಕಾಲ ಏಕೆ ಹಿಡಿಯಿತು?

ಬೆಳೆದ ಮೊಲಕ್ಕೋ ಇಲಿಗೋ ಈ ರೋಗಾಣುವನ್ನು ಬಾಯಿಯ ಮೂಲಕ ಕೊಟ್ಟರೆ ಮನುಷ್ಯನಿಗೆ ಬರುವಂಥ ಕಾಲರಾ ಬರುವುದಿಲ್ಲ. ಆದುದರಿಂದ ಸಂಶೋಧಕರು ಅದನ್ನು ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊರೆಗೆ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತುವು, ಆದರೆ ಅವು ಭೇದಿಯಿಂದ ಸಾಯಲಿಲ್ಲ. ಅಣುವು ಸತ್ತು ಒಡೆದಾಗ ಅದರ ಒಡಲಿನಿಂದ ಹೊರಬೀಳುವ ಪದಾರ್ಥವೇ ಕಾಲರಾ ವಿಷವೆಂಬ ನಂಬಿಕೆ ಹೀಗೆ ಬೇರೂರಿತು. ಇದರ ಜೊತೆಗೆ, ಕರುಳಿನ ಒಳಪದರವೇ ಕಿತ್ತುಬರುವುದರಿಂದ ನೀರು ಸೋರುತ್ತದೆ ಎಂಬ ಅಭಿಪ್ರಾಯವೂ ಬಹುಕಾಲ ಪ್ರಚಾರದಲ್ಲಿತ್ತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ತಪ್ಪು ಸ್ಥಳದಲ್ಲಿ ಕೇಳಿದ ಪ್ರಶ್ನೆಗೆ ಪ್ರಕೃತಿಯು ಉತ್ತರವನ್ನೇನೋ ಕೊಡುತ್ತದೆ. ಆದರೆ ಅದು ನಮ್ಮ ಪ್ರಶ್ನೆಯ ಉತ್ತರವಾಗಿರುವುದಿಲ್ಲ. ಕಾಲರಾ ಕರುಳಿನ ರೋಗ. ಕಾರಣವನ್ನು ಹುಡುಕಬೇಕಾದದ್ದು ಕರುಳಿನೊಳಗೆ.

ಶಂಭುನಾಥ ದೇ ಅವರ ಪ್ರಯೋಗ

ಈ ಸರಳವಾದ ಮಾತನ್ನು ಪ್ರಯೋಗಕ್ಕೆ ತಂದವರು ಡಾ. ಶಂಭುನಾಥ ದೇ. ಅವರು ೧೯೧೫ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದರು. ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಪದವಿ ಪಡೆದು, ಲಂಡನ್ನಿನಲ್ಲಿ ರಾಯ್ ಕ್ಯಾಮೆರಾನ್ ಎಂಬ ಪ್ರಸಿದ್ಧ ರೋಗಶಾಸ್ತ್ರಜ್ಞರ ಬಳಿ ಕೆಲಸಮಾಡಿ ೧೯೪೯ರಲ್ಲಿ ಪಿ.ಎಚ್.ಡಿ. ಗಳಿಸಿದರು. ಹಿಂದಿರುಗಿದ ಮೇಲೆ ಕಲ್ಕತ್ತದ ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ, ಅನಂತರ ತಾವು ಓದಿದ ಕಾಲೇಜಿನಲ್ಲಿಯೇ ಅಧ್ಯಾಪಕರಾಗಿ ದುಡಿದರು. ಪಾಠ ಹೇಳುವುದು, ಆಸ್ಪತ್ರೆಯ ರೋಗಪರೀಕ್ಷೆಯ ಕೆಲಸ ನೋಡುವುದು, ಉಳಿದ ವೇಳೆಯಲ್ಲಿ ಸಂಶೋಧನೆ — ಇದು ಅವರ ದಿನಚರಿ.

ಅವರ ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಸ್ವಲ್ಪ: ಒಂದು ಮೊಲ, ರೇಷ್ಮೆಯ ದಾರ, ಪಿಚಕಾರಿ ಮತ್ತು ಸೂಜಿ. ಮೊಲವನ್ನು ಉಪವಾಸವಿರಿಸಿ, ಮತ್ತು ಬರಿಸಿ, ಹೊಟ್ಟೆಯನ್ನು ಕುಯ್ದು ಸಣ್ಣ ಕರುಳನ್ನು ಹೊರತೆಗೆಯುತ್ತಿದ್ದರು. ಸುಮಾರು ನಾಲ್ಕು ಅಂಗುಲದಷ್ಟು ಭಾಗವನ್ನು ಎರಡು ಕಡೆಯೂ ದಾರದಿಂದ ಬಿಗಿದು ಮುಚ್ಚಿದ ಚೀಲದಂತೆ ಮಾಡುತ್ತಿದ್ದರು. ಕಾಲರಾ ಅಣುಗಳನ್ನು ಬೆಳೆಸಿದ ದ್ರವವನ್ನು ಅದರೊಳಕ್ಕೆ ಚುಚ್ಚಿ, ಕರುಳನ್ನು ಒಳಗಿಟ್ಟು ಹೊಲಿಯುತ್ತಿದ್ದರು. ಮರುದಿನ ತೆರೆದು ನೋಡಿದರೆ ಆ ಭಾಗವು ಉಬ್ಬಿ, ಅದರ ತುಂಬ ಅಕ್ಕಚ್ಚಿನಂಥ ದ್ರವ ಸೇರಿರುತ್ತಿತ್ತು. ಅಣುಗಳಿಲ್ಲದ ಬರಿಯ ಪೋಷಕದ್ರವವನ್ನು ಚುಚ್ಚಿದ ಭಾಗವಾದರೋ ಖಾಲಿಯಾಗಿಯೇ ಇರುತ್ತಿತ್ತು.

ವ್ಯತಿರೇಕ ವಿಧಾನವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಅದೇ ಜಾತಿಯ ಪ್ರಾಣಿ, ಅದೇ ಕರುಳು, ಅದೇ ದಾರ, ಅದೇ ಸೂಜಿ, ಅದೇ ಅವಧಿ. ವ್ಯತ್ಯಾಸ ಒಂದೇ: ರೋಗಾಣು. ಬರಿಯ ದ್ರವವನ್ನು ಚುಚ್ಚಿದ ಆ ಇನ್ನೊಂದು ಭಾಗ ಇಲ್ಲದಿದ್ದರೆ, ದಾರ ಬಿಗಿದುದರಿಂದಲೇ ನೀರು ತುಂಬಿತೆಂದು ಯಾರಾದರೂ ಆಕ್ಷೇಪಿಸಬಹುದಾಗಿತ್ತು. ಹೋಲಿಕೆಗಾಗಿ ಇಡುವ ಇಂಥ ಪ್ರಯೋಗವೇ ಪ್ರಾಯೋಗಿಕ ವಿಜ್ಞಾನದ ಬೆನ್ನೆಲುಬು. ಈ ಫಲಿತಾಂಶ ೧೯೫೩ರಲ್ಲಿ ಪ್ರಕಟವಾಯಿತು.

ಆದರೆ ಇಷ್ಟರಿಂದ ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ. ಅಣುವು ತಾನೇ ಕರುಳಿಗೆ ಹಾನಿಮಾಡುತ್ತದೆಯೋ ಅಥವಾ ಅದು ಸ್ರವಿಸಿದ ವಸ್ತು ಮಾಡುತ್ತದೆಯೋ? ಇದನ್ನು ತಿಳಿಯಲು ದೇ ಅವರು ಅಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ಅಣುವೂ ಉಳಿಯದಂತೆ ಮಾಡಿ, ಆ ತಿಳಿಯನ್ನು ಮಾತ್ರ ಚುಚ್ಚಿದರು. ಕರುಳು ಮತ್ತೆ ದ್ರವದಿಂದ ತುಂಬಿತು! ಅಣುವಿಲ್ಲದೆಯೇ ಕಾರ್ಯ ಸಂಭವಿಸಿತಾದ್ದರಿಂದ, ಅಣುವಿನಿಂದ ಹೊರಬಂದು ನೀರಿನಲ್ಲಿ ಕರಗಿದ ವಿಷವೇ ಕಾರಣವೆಂದು ಸಿದ್ಧವಾಯಿತು. ೧೯೫೯ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಅವರು ಲೋಕಕ್ಕೆ ತಿಳಿಸಿದರು. ಹತ್ತು ವರ್ಷಗಳ ತರುವಾಯ, ೧೯೬೯ರಲ್ಲಿ, ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೋಸ್ಪಲ್ಲುಟೋ ಎಂಬವರು ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು.

ಪ್ರಯೋಗಶಾಲೆಯಿಂದ ರೋಗಿಯ ಮಂಚಕ್ಕೆ

ಇದರಿಂದ ರೋಗಿಗಾದ ಪ್ರಯೋಜನವೇನು? ಉತ್ತರವನ್ನು ಹಂತಹಂತವಾಗಿ ನೋಡೋಣ. ೧೯೬೦ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬ್ಯಾಂಕಾಕಿನ ಕಾಲರಾ ರೋಗಿಗಳ ಕರುಳಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಒಳಪದರವು ಕಿತ್ತುಹೋಗಿಲ್ಲವೆಂದು ಕಂಡರು. ಎಂದರೆ, ವಿಷವು ಕರುಳನ್ನು ಹರಿದುಹಾಕುವುದಿಲ್ಲ. ಅದರ ಜೀವಕೋಶಗಳು ಲವಣವನ್ನೂ ನೀರನ್ನೂ ಎಡೆಬಿಡದೆ ಹೊರಚೆಲ್ಲುವಂತೆ ಮಾಡುತ್ತದೆ, ಅಷ್ಟೆ. ಅದೇ ವರ್ಷ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ, ಕರುಳು ಗ್ಲೂಕೋಸನ್ನು ಹೀರುವಾಗ ಅದರ ಜೊತೆಗೆ ಸೋಡಿಯಂ ಲವಣವನ್ನೂ ಒಳಗೆಳೆದುಕೊಳ್ಳುತ್ತದೆಂಬ ತತ್ತ್ವವನ್ನು ಮಂಡಿಸಿದರು. ಲವಣ ಹೋದೆಡೆಗೆ ನೀರೂ ಹೋಗುತ್ತದೆ. ಕರುಳಿನ ಪದರ ಸರಿಯಾಗಿದೆ, ಹೀರುವ ಬಾಗಿಲೂ ತೆರೆದಿದೆ ಎಂದಾದರೆ, ಸಕ್ಕರೆ ಬೆರೆಸಿದ ಉಪ್ಪುನೀರನ್ನು ಬಾಯಿಯಿಂದ ಕುಡಿಸಿಯೇ ರೋಗಿಯನ್ನು ಉಳಿಸಬಹುದಲ್ಲವೆ?

ಇದು ಬಡದೇಶಗಳ ಪಾಲಿಗೆ ಜೀವನ್ಮರಣದ ಪ್ರಶ್ನೆ. ರಕ್ತನಾಳಕ್ಕೆ ಕೊಡುವ ಶುದ್ಧ ದ್ರವ, ಸೂಜಿ, ತರಬೇತಾದ ಕೈ — ಇವು ಹಳ್ಳಿಯಲ್ಲಿ ಸಿಕ್ಕುವುದಿಲ್ಲ. ಬಾಯಿಂದ ಕುಡಿಸುವ ನೀರನ್ನಾದರೋ ತಾಯಿಯೇ ಕುಡಿಸಬಲ್ಲಳು.

೧೯೫೩ರಲ್ಲಿಯೇ ಕಲ್ಕತ್ತದ ಹೇಮೇಂದ್ರನಾಥ ಚಟರ್ಜಿಯವರು ೧೮೬ ರೋಗಿಗಳಿಗೆ ಬಾಯಿಯ ಮೂಲಕ ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಕೊಟ್ಟು ಗುಣಪಡಿಸಿದ ವರದಿಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆದರೆ ಹೋಲಿಕೆಗೆ ಬೇರೊಂದು ಗುಂಪಿರಲಿಲ್ಲ. ಒಳಹೋದ ನೀರೆಷ್ಟು, ಹೊರಬಂದದ್ದೆಷ್ಟು ಎಂಬ ಲೆಕ್ಕವಿರಲಿಲ್ಲ. ವೈದ್ಯಲೋಕ ಅದನ್ನು ಲಕ್ಷಿಸಲಿಲ್ಲ. ಉಪಾಯ ಸರಿಯಾಗಿದ್ದೂ ಪ್ರಮಾಣ ಸಾಲದೆಹೋದರೆ ಎಷ್ಟು ಅಮೂಲ್ಯವಾದ ಕಾಲ ನಷ್ಟವಾಗುತ್ತದೆ ಎಂಬುದಕ್ಕೆ ಇದೊಂದು ದೃಷ್ಟಾಂತ. ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಉಂಟು. ೧೯೬೨ರಲ್ಲಿ ಮನಿಲಾ ನಗರದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಕುಡಿಸಿದ ದ್ರಾವಣದ ಹದ ತಪ್ಪಿ, ರೋಗಿಗಳಲ್ಲಿ ಐವರು ಮೃತರಾದರು. ಮನುಷ್ಯರ ಮೇಲೆ ನಡೆಯುವ ಪರೀಕ್ಷೆಯಲ್ಲಿ ಅಳತೆಯ ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣವೇ ಆಗಿರುತ್ತದೆ.

ಕೊನೆಗೆ ೧೯೬೮ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಅವರ ತಂಡವು ೨೯ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಕುಡಿಸಿದ್ದನ್ನೂ ಹೊರಬಂದುದನ್ನೂ ಎಡೆಬಿಡದೆ ಅಳೆದು ಪರೀಕ್ಷೆ ನಡೆಸಿತು. ಬಾಯಿಂದ ದ್ರಾವಣ ಪಡೆದವರಿಗೆ ರಕ್ತನಾಳದ ದ್ರವದ ಅಗತ್ಯ ಬಹುಮಟ್ಟಿಗೆ ಕಡಮೆಯಾಯಿತು. ಸಂಶಯಕ್ಕೆ ಎಡೆಯಿಲ್ಲದಂತೆ ವಿಷಯ ಸಿದ್ಧವಾಯಿತು.

ದೊಡ್ಡ ಪರೀಕ್ಷೆ ೧೯೭೧ರಲ್ಲಿ ಒದಗಿತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹರಡಿತು. ಬನಗಾಂವಿನ ಚಿಕ್ಕ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆ ಒತ್ತಾಗಿ ಮಲಗಿದ್ದರು; ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಅಡಿಗೆಸೋಡ ಮತ್ತು ಗ್ಲೂಕೋಸಿನ ಪೊಟ್ಟಣಗಳನ್ನು ಕಲ್ಕತ್ತದಲ್ಲಿ ಕಟ್ಟಿಸಿ ತರಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ಶೇಕಡ ಸುಮಾರು ೩೦ರಷ್ಟಿದ್ದ ಮರಣಪ್ರಮಾಣವು ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡ ೩.೬ಕ್ಕೆ ಇಳಿಯಿತು.

ಮನ್ನಣೆಯ ಮಾತು

ದೇ ಅವರಿಗೆ ತಮ್ಮ ಜೀವಿತಕಾಲದಲ್ಲಿ ತಾಯ್ನಾಡಿನಿಂದ ದೊಡ್ಡ ರಾಷ್ಟ್ರೀಯ ಗೌರವವೊಂದೂ ಬರಲಿಲ್ಲ. ೧೯೭೩ರಲ್ಲಿ ಅವರು ನಿವೃತ್ತರಾದರು. ೧೯೭೮ರಲ್ಲಿ ಕಾಲರಾ ಕುರಿತು ಸ್ವೀಡನ್ನಿನಲ್ಲಿ ನಡೆದ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನ ಬಂದಾಗ, ಅವರ ಹೆಸರು ಸ್ವದೇಶದಲ್ಲಿ ಅನೇಕರಿಗೆ ತಿಳಿದೇ ಇರಲಿಲ್ಲ. ನೊಬೆಲ್ ಪುರಸ್ಕೃತ ಜೋಶುವ ಲೆಡರ್‌ಬರ್ಗ್ ಅವರು ದೇ ಅವರ ಹೆಸರನ್ನು ಆ ಬಹುಮಾನಕ್ಕೆ ಸೂಚಿಸಿದ್ದುಂಟು. ೧೯೮೫ರಲ್ಲಿ ದೇ ತೀರಿಕೊಂಡರು. ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆ ೧೯೯೦ರಲ್ಲಿ ಅವರ ಸ್ಮರಣೆಗಾಗಿ ವಿಶೇಷ ಸಂಚಿಕೆಯನ್ನು ಹೊರತಂದದ್ದು ನಮ್ಮ ನಾಡಿಗೆ ಸಮಾಧಾನದ ಸಂಗತಿ. ಮಹಲನಾಬಿಸ್ ಅವರಿಗೂ ಪದ್ಮವಿಭೂಷಣ ಬಂದದ್ದು ೨೦೨೩ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಮನ್ನಣೆ ತಡವಾದರೂ ಕೆಲಸ ನಿಲ್ಲಲಿಲ್ಲ. ಇಂದು ಯಾವುದೇ ಊರಿನ ಔಷಧದ ಅಂಗಡಿಯಲ್ಲಿ ಓ.ಆರ್.ಎಸ್. ಪೊಟ್ಟಣ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಸೂತ್ರದಂತೆ ಒಂದು ಲೀಟರಿಗೆ ೧೩.೫ ಗ್ರಾಂ ಗ್ಲೂಕೋಸ್, ೨.೬ ಗ್ರಾಂ ಉಪ್ಪು, ೧.೫ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ೨.೯ ಗ್ರಾಂ ಸಿಟ್ರೇಟ್ ಅದರಲ್ಲಿರುತ್ತವೆ. ಪೊಟ್ಟಣದ ಮೇಲೆ ಹೇಳಿರುವಷ್ಟೇ ಶುದ್ಧ ನೀರಿನಲ್ಲಿ ಅದನ್ನು ಪೂರ್ತಿ ಕರಗಿಸಬೇಕು. ನೀರು ಕಡಮೆಯಾದರೆ ದ್ರಾವಣ ಗಟ್ಟಿಯಾಗಿ ಕೇಡುಮಾಡೀತು. ಹೆಚ್ಚಾದರೆ ಗುಣ ಕುಂದೀತು. ಪೊಟ್ಟಣ ಸಿಕ್ಕದಿದ್ದಲ್ಲಿ, ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಮಟ್ಟಸವಾಗಿ ಅಳೆದು ಬೆರೆಸಬಹುದು. ರೋಗಿ ಸೊರಗುತ್ತಿದ್ದರೆ ಅಥವಾ ಕುಡಿಯಲಾರದೆ ಹೋದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ವಿದ್ಯಾರ್ಥಿ ಮಿತ್ರರು ರಜಕ್ಕೆ ತಮ್ಮ ಊರುಗಳಿಗೆ ಹೋದಾಗ ಈ ಅಳತೆಯನ್ನು ಮನೆಯವರಿಗೂ ನೆರೆಯವರಿಗೂ ತಿಳಿಸಲಿ. ಸಕ್ಕರೆ ಏಕೆ ಬೇಕೆಂದು ಯಾರಾದರೂ ಕೇಳಿದರೆ ಕಾರಣವನ್ನೂ ಬಿಡಿಸಿ ಹೇಳಲಿ. ಕಾರಣ ತಿಳಿದವರು ಅಳತೆಯನ್ನು ಮರೆಯುವುದಿಲ್ಲ.