ಬಣ್ಣದ ಟರ್ಮಿನಲ್ ಬರಹ ಜಾಲಪುಟಕ್ಕೆ ಬರುವ ಬಗೆ

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಮುಂಬಯಿಯೂ ಸೇರಿದಂತೆ ದೇಶದ ನಾಲ್ಕು ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ತೆರೆಯಿತು. ಅದಕ್ಕೂ ಮೊದಲೇ, 1980ರ ದಶಕದ ಉತ್ತರಾರ್ಧದಲ್ಲಿ, ಜುಹುವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರಕ್ಕೂ ಪವಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಗೂ ನಡುವೆ ದೂರವಾಣಿ ತಂತಿಯ ಮೂಲಕ ವಿದ್ಯುನ್ಮಾನ ಅಂಚೆ ಓಡಾಡಿದ್ದುಂಟು. ಆದರೆ ಆ ಸೌಲಭ್ಯವು ವಿದ್ವಾಂಸರ ವಲಯಕ್ಕೆ ಸೀಮಿತವಾಗಿತ್ತು. ಸಾರ್ವಜನಿಕ ಸೇವೆಯ ಮೊದಲ ವರ್ಷಗಳಲ್ಲಿ ಕಡಿಮೆ ಶುಲ್ಕ ತೆರುವ ಚಂದಾದಾರರಿಗೆ ದೊರೆಯುತ್ತಿದ್ದುದು ‘ಶೆಲ್ ಖಾತೆ’. ಮನೆಯ ಗಣಕವು ಮೋಡೆಮ್ ಮೂಲಕ ನಿಗಮದ ದೊಡ್ಡ ಗಣಕಕ್ಕೆ ಜೋಡಣೆಯಾಗಿ, ತನ್ನ ಸ್ವಂತ ಬುದ್ಧಿಯನ್ನು ಬದಿಗಿಟ್ಟು, ಕೇವಲ ಒಂದು ಟರ್ಮಿನಲ್ ಆಗಿ, ಅಂದರೆ ಕೀಲಿಮಣೆ ಮತ್ತು ತೆರೆ ಮಾತ್ರವಾಗಿ ವರ್ತಿಸುತ್ತಿತ್ತು. ಚಿತ್ರಗಳಿಗೆ ಅಲ್ಲಿ ಎಡೆಯಿರಲಿಲ್ಲ. ಜಾಲಪುಟಗಳನ್ನು ಓದಲು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ರೂಪುಗೊಂಡ ‘ಲಿಂಕ್ಸ್’ ಎಂಬ ಬ್ರೌಸರ್ ನೆರವಾಗುತ್ತಿತ್ತು. ಅದು ಜಾಲಪುಟದ ಗುರುತುಗಳನ್ನು ಕಿತ್ತುಹಾಕಿ, ಅವುಗಳಿಗೆ ಬದಲಾಗಿ ದಪ್ಪ ಅಕ್ಷರ, ಅಡಿಗೆರೆ ಮೊದಲಾದ ಟರ್ಮಿನಲ್ ಸಂಕೇತಗಳನ್ನು ಕಳುಹಿಸುತ್ತಿತ್ತು. ಹೀಗೆ ಮುಂಬಯಿಯ ಎಷ್ಟೋ ಮನೆಗಳು ಜಾಲಪುಟವನ್ನು ಮೊದಲು ಕಂಡದ್ದು ಟರ್ಮಿನಲ್ ಬರಹಕ್ಕೆ ಪರಿವರ್ತನೆಗೊಂಡ ರೂಪದಲ್ಲಿ.

ಇಂದು ಅಗತ್ಯ ಬಂದಿರುವುದು ಇದರ ವಿಲೋಮ ಕ್ರಿಯೆಗೆ. ಟರ್ಮಿನಲ್ ಮಾಯವಾಗಿಲ್ಲ, ಗಣಕಗಳನ್ನು ನೋಡಿಕೊಳ್ಳುವವರು ಈಗಲೂ ಕಪ್ಪು ತೆರೆಯ ಮುಂದೆಯೇ ಕೆಲಸ ಮಾಡುತ್ತಾರೆ. ಆ ತೆರೆಯ ಮೇಲೆ ದೋಷವು ಕೆಂಪಿನಲ್ಲಿ, ಎಚ್ಚರಿಕೆಯು ಹಳದಿಯಲ್ಲಿ, ಸರಿಯಾದುದು ಹಸಿರಿನಲ್ಲಿ ಮೂಡುತ್ತದೆ. ಅದನ್ನು ಟರ್ಮಿನಲ್ ಇಲ್ಲದ ಓದುಗರಿಗೂ ತಲುಪಿಸಬೇಕಾದಾಗ ಅದು ಜಾಲಪುಟವಾಗಬೇಕಾಗುತ್ತದೆ. ಈ ಪರಿವರ್ತನೆಯಲ್ಲಿ ಉಳಿಯಬೇಕಾದುದು ಬಣ್ಣವೇ ಅಥವಾ ಬಣ್ಣವು ಹೇಳುತ್ತಿದ್ದ ಮಾತೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಪರಿಶೀಲಿಸಲು ಮುಂಬಯಿಯದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು.

2005ರ ಜುಲೈ 27ರ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ಹವಾಮಾನ ಇಲಾಖೆಯ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ದಾಖಲಾದುದು ಸುಮಾರು 73 ಮಿಲಿಮೀಟರ್ ಮಾತ್ರ. ಇಲಾಖೆಯ ವರ್ಗೀಕರಣದಂತೆ ದಿನವೊಂದಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಮಳೆ. ಈ ಎರಡು ಅಂಕಿಗಳನ್ನು ಒಂದು ಕ್ರಮವಿಧಿಯು ಟರ್ಮಿನಲ್ ಮೇಲೆ ಮುದ್ರಿಸುತ್ತದೆ, ಕೊಲಾಬಾದ ಸಾಲನ್ನು ಹಳದಿಯಲ್ಲಿಯೂ ಸಾಂತಾಕ್ರೂಜ್‌ನ ಸಾಲನ್ನು ಕೆಂಪಿನಲ್ಲಿಯೂ ತೋರಿಸುತ್ತದೆ ಎಂದು ಭಾವಿಸೋಣ. ಇದು ಪಾಠಕ್ಕಾಗಿ ಮಾಡಿಕೊಂಡ ಕಲ್ಪನೆ; ಅಂಕಿಗಳು ಮಾತ್ರ ವಾಸ್ತವ.

ಬಣ್ಣವೆಂಬುದು ಒಂದು ಆಜ್ಞೆ

ಟರ್ಮಿನಲ್‌ನಲ್ಲಿ ಅಕ್ಷರಕ್ಕೆ ಬಣ್ಣ ಅಂಟಿಕೊಂಡಿರುವುದಿಲ್ಲ. ಅಕ್ಷರಗಳ ಸಾಲಿನ ನಡುವೆಯೇ ಕಣ್ಣಿಗೆ ಕಾಣದ ಆಜ್ಞೆಗಳು ಹರಿದುಬರುತ್ತವೆ. ಪ್ರತಿಯೊಂದು ಆಜ್ಞೆಯೂ 27 ಎಂಬ ಸಂಖ್ಯೆಯ ‘ಎಸ್ಕೇಪ್’ ಸಂಕೇತದಿಂದ ಆರಂಭವಾಗುತ್ತದೆ. ಬಳಿಕ ಒಂದು ಚೌಕ ಕಂಸ, ಒಂದು ಅಥವಾ ಹೆಚ್ಚು ಸಂಖ್ಯೆಗಳು, ಕೊನೆಗೆ ‘ಎಂ’ ಎಂಬ ಇಂಗ್ಲಿಷ್ ಅಕ್ಷರ. ಈ ಪದ್ಧತಿಯನ್ನು ಯುರೋಪಿನ ಗಣಕ ತಯಾರಕರ ಸಂಘವು 1976ರಲ್ಲಿಯೂ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 1979ರಲ್ಲಿಯೂ ಮಾನಕವಾಗಿ ಪ್ರಕಟಿಸಿದವು. ಆ ಅಮೆರಿಕನ್ ಸಂಸ್ಥೆಯ ಹೆಸರಿನಿಂದಲೇ ಇವನ್ನು ‘ಆನ್ಸಿ ಸಂಕೇತ’ಗಳೆಂದು ಕರೆಯುವುದು ರೂಢಿ. 30ರಿಂದ 37ರವರೆಗಿನ ಸಂಖ್ಯೆಗಳು ಅಕ್ಷರದ ಬಣ್ಣವನ್ನೂ 40ರಿಂದ 47ರವರೆಗಿನವು ಹಿನ್ನೆಲೆಯ ಬಣ್ಣವನ್ನೂ ಸೂಚಿಸುತ್ತವೆ. 1 ಎಂದರೆ ದಪ್ಪ, 4 ಎಂದರೆ ಅಡಿಗೆರೆ, 0 ಎಂದರೆ ಎಲ್ಲವನ್ನೂ ಮೊದಲಿನಂತೆ ಮಾಡು. ಸಾಂತಾಕ್ರೂಜ್‌ನ ಸಾಲು, ಸಂಕೇತಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ, ಹೀಗಿರುತ್ತದೆ:

ಎಸ್ಕೇಪ್ [ 31 ಎಂ ಸಾಂತಾಕ್ರೂಜ್ 944 ಎಸ್ಕೇಪ್ [ 0 ಎಂ

‘ಕೆಂಪು ಲೇಖನಿ ಹಿಡಿ’ ಎಂದು ಹೇಳಿದ ಮೇಲೆ ‘ಕೆಳಗಿಡು’ ಎಂದು ಹೇಳುವವರೆಗೆ ಗುಮಾಸ್ತನು ಬರೆದುದೆಲ್ಲವೂ ಕೆಂಪೇ. ಸಾಲು ಮುಗಿದರೂ ಲೇಖನಿ ಬದಲಾಗುವುದಿಲ್ಲ. ಕ್ರಮವಿಧಿಯೊಂದು 0 ಕಳುಹಿಸದೆ ನಡುವೆಯೇ ನಿಂತುಹೋದರೆ ಮುಂದಿನ ಬರಹವೆಲ್ಲ ಕೆಂಪಾಗುವುದನ್ನು ಟರ್ಮಿನಲ್ ಬಳಸುವವರು ಬಲ್ಲರು.

ಇಂತಹ ಹಿಡಿದ ಲೇಖನಿಯ ಪದ್ಧತಿ ಭಾರತೀಯ ಲಿಪಿಗಳ ಗಣಕೀಕರಣಕ್ಕೂ ಹೊಸದಲ್ಲ. 1991ರ ಭಾರತೀಯ ಮಾನಕ 13194, ಅಂದರೆ ಇಸ್ಕಿ, ಎಲ್ಲ ಬ್ರಾಹ್ಮೀ ಮೂಲದ ಲಿಪಿಗಳಿಗೂ ಒಂದೇ ಸಂಕೇತಗಳನ್ನು ನೀಡಿತ್ತು. ಅದರಲ್ಲಿ 239ನೆಯ ಸಂಕೇತದ ಮುಂದೆ 66 ಬಂದರೆ ನಂತರದ ಅಕ್ಷರಗಳು ದೇವನಾಗರಿ, 72 ಬಂದರೆ ಕನ್ನಡ. ಮುಂಬಯಿಯಂತಹ ನಗರದಲ್ಲಿ ಮರಾಠಿ, ಕನ್ನಡಗಳೆರಡೂ ಒಂದೇ ಕಡತದಲ್ಲಿದ್ದು, ಈ ಎರಡು ಸಂಖ್ಯೆಗಳು ಕಳೆದುಹೋದರೆ ಯಾವ ಸಾಲು ಯಾವ ಲಿಪಿಯದೆಂದು ಸಂಕೇತಗಳಿಂದ ತಿಳಿಯುವಂತಿಲ್ಲ.

ಆಜ್ಞೆಯಿಂದ ಆವರಣಕ್ಕೆ

ಜಾಲಪುಟದ ಗುರುತುಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಲೇಖನಿ ಬದಲಿಸುವ ಮಾತಿಲ್ಲ; ಅಲ್ಲಿರುವುದು ಆವರಣ. ಒಂದು ತೆರೆಯುವ ಟ್ಯಾಗ್, ಒಂದು ಮುಚ್ಚುವ ಟ್ಯಾಗ್, ನಡುವೆ ಬರಹ. ಬಣ್ಣಕ್ಕೆ ಸಾಮಾನ್ಯವಾಗಿ ‘ಸ್ಪ್ಯಾನ್’ ಎಂಬ ಟ್ಯಾಗನ್ನು ಬಳಸುತ್ತಾರೆ. ಹಿಂದೆ ಬಳಕೆಯಲ್ಲಿದ್ದ ‘ಫಾಂಟ್’ ಟ್ಯಾಗನ್ನು 1997ರ ಎಚ್‌ಟಿಎಂಎಲ್ 4ರಲ್ಲಿಯೇ ಕೈಬಿಡಬೇಕಾದುದೆಂದು ಸೂಚಿಸಲಾಯಿತು. ಒಂದು ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇರಬಹುದು, ಆದರೆ ಅರ್ಧ ಒಳಗೆ ಅರ್ಧ ಹೊರಗೆ ಇರಲಾಗದು. ತೊಡಕು ಇರುವುದು ಇಲ್ಲಿಯೇ. ಟರ್ಮಿನಲ್‌ನಲ್ಲಿ ಕೆಂಪು ಆರಂಭವಾಗಿ, ನಡುವೆ ದಪ್ಪ ಆರಂಭವಾಗಿ, ಬಳಿಕ 39ನೆಯ ಆಜ್ಞೆಯಿಂದ ಕೆಂಪು ಮಾತ್ರ ನಿಂತು ದಪ್ಪವು ಮುಂದುವರಿಯಬಹುದು. ಪ್ರತಿ ಆಜ್ಞೆಗೂ ಒಂದು ಟ್ಯಾಗ್ ಎಂದು ಯಾಂತ್ರಿಕವಾಗಿ ಬದಲಿಸಿದರೆ ಆವರಣಗಳು ಒಂದನ್ನೊಂದು ಕತ್ತರಿಸುತ್ತವೆ. ಸರಿಯಾದ ಪರಿವರ್ತಕವು ಪ್ರಸ್ತುತ ಬಣ್ಣ, ಹಿನ್ನೆಲೆ, ದಪ್ಪ, ಅಡಿಗೆರೆ ಇವುಗಳ ಒಂದು ಚಿಕ್ಕ ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆಜ್ಞೆ ಬಂದಾಗಲೆಲ್ಲ ಪಟ್ಟಿಯನ್ನು ತಿದ್ದಿ, ತೆರೆದ ಆವರಣವನ್ನು ಮುಚ್ಚಿ, ಹೊಸ ಪಟ್ಟಿಗೆ ತಕ್ಕ ಒಂದೇ ಆವರಣವನ್ನು ತೆರೆಯುತ್ತದೆ.

ಬರಹದ ಒಳಗಿನ ಮೂರು ಚಿಹ್ನೆಗಳನ್ನೂ ಮರೆಯುವಂತಿಲ್ಲ. ಕಿರಿದು, ಹಿರಿದು ಎಂಬ ಗಣಿತದ ಚಿಹ್ನೆಗಳು ಜಾಲಪುಟದಲ್ಲಿ ಟ್ಯಾಗಿನ ಗಡಿಗಳಾಗುತ್ತವೆ. ಆಂಪರ್ಸೆಂಡ್ ಚಿಹ್ನೆಯು ವಿಶೇಷ ಸಂಕೇತದ ಆರಂಭವಾಗುತ್ತದೆ. ಇವುಗಳಿಗೆ ಬದಲಿ ಸಂಕೇತಗಳನ್ನು ಹಾಕಬೇಕು, ಅದರಲ್ಲಿಯೂ ಆಂಪರ್ಸೆಂಡನ್ನು ಮೊದಲು ಬದಲಿಸಬೇಕು. ಬದಲಿ ಸಂಕೇತಗಳಲ್ಲಿಯೇ ಆಂಪರ್ಸೆಂಡ್ ಇರುವುದರಿಂದ, ಕ್ರಮ ತಪ್ಪಿದರೆ ಬದಲಾದುದೇ ಮತ್ತೊಮ್ಮೆ ಬದಲಾಗುತ್ತದೆ. ಇದು ಅಂದಚಂದದ ಮಾತಲ್ಲ. ಟರ್ಮಿನಲ್ ದಾಖಲೆಯಲ್ಲಿ ಹೊರಗಿನವರು ಬರೆದ ಹೆಸರು, ವಿಳಾಸ, ಕೋರಿಕೆಗಳು ಸೇರಿರಬಹುದು. ಅದರಲ್ಲಿ ಯಾರಾದರೂ ದುರುದ್ದೇಶದಿಂದ ಒಂದು ಟ್ಯಾಗನ್ನು ಸೇರಿಸಿದ್ದರೆ, ಟರ್ಮಿನಲ್ ಅದನ್ನು ಬರಿಯ ಅಕ್ಷರವೆಂದು ತೋರಿಸಿ ಸುಮ್ಮನಾಗುತ್ತದೆ. ಜಾಲಪುಟದಲ್ಲಿ ಅದೇ ಬರಹವು ಓದುಗನ ಗಣಕದಲ್ಲಿ ಕಾರ್ಯಪ್ರವೃತ್ತವಾಗಬಹುದು.

ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರಿಗೆ ಬೇರೊಂದು ಅಚ್ಚರಿ ಕಾದಿರುತ್ತದೆ. ತೆರೆಯ ಮೇಲೆ ಕಂಡ ಬಣ್ಣ, ಕಡತಕ್ಕೆ ಕಳುಹಿಸಿದ ಕೂಡಲೆ ಕಾಣೆ! ಕಾರಣ ಸರಳ. ಅನೇಕ ಕ್ರಮವಿಧಿಗಳು ತಮ್ಮ ಎದುರಿಗಿರುವುದು ಟರ್ಮಿನಲ್ಲೋ ಕಡತವೋ ಎಂದು ಮೊದಲು ವಿಚಾರಿಸಿಕೊಳ್ಳುತ್ತವೆ. ಕಡತವಾದರೆ ಬಣ್ಣದ ಆಜ್ಞೆಗಳನ್ನು ಕಳುಹಿಸುವುದೇ ಇಲ್ಲ. ಬಣ್ಣವನ್ನು ಸದಾ ಕಳುಹಿಸಬೇಕೆಂದು ಆದೇಶಿಸುವ ಸೌಲಭ್ಯವು ಹಲವು ಕ್ರಮವಿಧಿಗಳಲ್ಲಿದೆ. ಅದಿಲ್ಲದಿದ್ದರೆ ಯುನಿಕ್ಸ್ ವ್ಯವಸ್ಥೆಯ ‘ಸ್ಕ್ರಿಪ್ಟ್’ ಎಂಬ ಆದೇಶವು ಟರ್ಮಿನಲ್‌ನಂತೆ ನಟಿಸಿ ಬಂದುದನ್ನೆಲ್ಲ ದಾಖಲಿಸಿಕೊಳ್ಳುತ್ತದೆ. ಶೇಕಡಾವಾರು ಪ್ರಗತಿಯನ್ನು ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಬರೆಯುವ ಕ್ರಮವಿಧಿಗಳ ದಾಖಲೆಯಲ್ಲಾದರೋ ಹಳೆಯ ಅಂಕಿಗಳೆಲ್ಲ ಸಾಲುಗಟ್ಟಿ ಉಳಿದಿರುತ್ತವೆ. ಅಲ್ಲಿ ಬಣ್ಣದ ಆಜ್ಞೆಗಳನ್ನಷ್ಟೇ ಓದಿದರೆ ಸಾಲದು. ಕಲ್ಪಿತ ತೆರೆಯೊಂದನ್ನು ನೆನಪಿನಲ್ಲಿ ರಚಿಸಿ, ಅದರ ಮೇಲೆ ಅಂತಿಮವಾಗಿ ಉಳಿದುದನ್ನು ಮಾತ್ರ ಪುಟಕ್ಕೆ ತರಬೇಕಾಗುತ್ತದೆ. ಸಿದ್ಧ ಪರಿವರ್ತಕಗಳಲ್ಲಿ ಒಂದಾದ ‘ಆನ್ಸಿ ಎಚ್‌ಟಿಎಂಎಲ್ ಅಡಾಪ್ಟರ್’ ಎಂಬುದರ ಮೊದಲಕ್ಷರಗಳ ಹೆಸರು ‘ಆಹಾ’. ಕನ್ನಡಿಗರಿಗೆ ಇದನ್ನು ಬಾಯಿಪಾಠ ಮಾಡುವ ಶ್ರಮವಿಲ್ಲ.

ಹಳದಿ ಮತ್ತು ಕಿತ್ತಳೆ

ಟರ್ಮಿನಲ್‌ನ ಮೊದಲ ಎಂಟು ಬಣ್ಣಗಳಿಗೆ ಹೆಸರಿದೆ, ಖಚಿತ ಪ್ರಮಾಣವಿಲ್ಲ. 33 ಎಂದರೆ ಹಳದಿ. ಆದರೆ ಐಬಿಎಂ ವೈಯಕ್ತಿಕ ಗಣಕದ ತೆರೆಯಲ್ಲಿ ಅದು ಕಂದು ಬಣ್ಣವಾಗಿ ಮೂಡುತ್ತಿತ್ತು. ಜಾಲಪುಟಕ್ಕೆ ಬೇಕಾದುದು ಕೆಂಪು, ಹಸಿರು, ನೀಲಿ ಬೆಳಕುಗಳ ನಿಖರವಾದ ಪ್ರಮಾಣ, 0ರಿಂದ 255ರವರೆಗೆ. ಆದುದರಿಂದ ಪರಿವರ್ತಕವು ಇಲ್ಲಿ ಯಾವುದಾದರೊಂದು ಹಳದಿಯನ್ನು ಆರಿಸಲೇಬೇಕು. ಹವಾಮಾನ ಇಲಾಖೆಯ ಎಚ್ಚರಿಕೆಗಳಿಗೆ ನಾಲ್ಕು ಬಣ್ಣಗಳು: ಹಸಿರು, ಹಳದಿ, ಕಿತ್ತಳೆ, ಕೆಂಪು. ಮೂಲದ ಎಂಟು ಬಣ್ಣಗಳಲ್ಲಿ ಕಿತ್ತಳೆ ಇಲ್ಲವೇ ಇಲ್ಲ! ಅದಕ್ಕೆ 256 ಬಣ್ಣಗಳ ವಿಸ್ತೃತ ಪಟ್ಟಿಯನ್ನು ಆಶ್ರಯಿಸಬೇಕು. ಅದರಲ್ಲಿ 16ರಿಂದ 231ರವರೆಗಿನವು ಆರು ಗುಣಿಸು ಆರು ಗುಣಿಸು ಆರರ ಒಂದು ಘನ. ಕಿತ್ತಳೆಯ ಸಂಖ್ಯೆ 208. ಅದರಿಂದ 16 ಕಳೆದರೆ 192. ಅದನ್ನು 36ರಿಂದ ಭಾಗಿಸಿದರೆ ಭಾಗಲಬ್ಧ 5, ಶೇಷ 12. ಶೇಷವನ್ನು 6ರಿಂದ ಭಾಗಿಸಿದರೆ 2, ಉಳಿದುದು 0. ಘನದ ಮೆಟ್ಟಿಲುಗಳು 0, 95, 135, 175, 215, 255. ಆದುದರಿಂದ ಕೆಂಪು 255, ಹಸಿರು 135, ನೀಲಿ 0.

ಇಷ್ಟು ನಿಖರವಾಗಿ ಲೆಕ್ಕ ಹಾಕಿದರೂ ಕೊಲಾಬಾದ ಸಾಲು ಮಾಯವಾಗಬಹುದು. ಕಪ್ಪು ತೆರೆಯ ಮೇಲೆ ಅಚ್ಚ ಹಳದಿಯು 19ಕ್ಕೆ 1ಕ್ಕಿಂತ ಹೆಚ್ಚಿನ ವೈದೃಶ್ಯದಿಂದ ಹೊಳೆಯುತ್ತದೆ. ಜಾಲಪುಟದ ಬಿಳಿಯ ಮೇಲೆ ಅದೇ ಹಳದಿಯ ವೈದೃಶ್ಯ 1.07ಕ್ಕೆ 1, ಅಂದರೆ ಬಹುತೇಕ ಇಲ್ಲದಂತೆಯೇ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅಂತರರಾಷ್ಟ್ರೀಯ ಸುಗಮ್ಯತಾ ಮಾನಕವು ಬಯಸುವುದು ಕನಿಷ್ಠ 4.5ಕ್ಕೆ 1. ಅಚ್ಚ ಕೆಂಪು ಕೂಡ ಬಿಳಿಯ ಮೇಲೆ 4ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಪುಟದ ಆ ಭಾಗಕ್ಕೆ ಕಪ್ಪು ಹಿನ್ನೆಲೆ ನೀಡುವುದು, ಇಲ್ಲವೇ ಬಿಳಿಯ ಮೇಲೆ ಗಾಢವಾದ ಬಣ್ಣಗಳನ್ನು ಆರಿಸುವುದು ಪರಿವರ್ತಿಸುವವರ ಹೊಣೆ.

ಬಣ್ಣಗಳನ್ನು ಬೇರ್ಪಡಿಸಿ ನೋಡಲಾರದ ಕಣ್ಣುಗಳೂ ಇವೆ. ಮುಂಬಯಿಯ ಲೋಕಲ್ ರೈಲಿನ ಮೋಟರ್‌ಮನ್ ಬಣ್ಣದ ದೃಷ್ಟಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೇ ಸಿಗ್ನಲ್ ಓದುತ್ತಾನೆ. ಜಾಲಪುಟದ ಓದುಗನಿಗೆ ಅಂತಹ ಪರೀಕ್ಷೆ ಯಾರೂ ಇಡುವುದಿಲ್ಲ, ಇಡಲೂಬಾರದು. ಅಂಧರ ಗಣಕದಲ್ಲಿ ಪುಟವನ್ನು ಗಟ್ಟಿಯಾಗಿ ಓದುವ ತಂತ್ರಾಂಶವು ‘ಸಾಂತಾಕ್ರೂಜ್ 944’ ಎಂದು ನುಡಿಯುತ್ತದೆಯೇ ಹೊರತು ಅದು ಕೆಂಪೆಂದು ಸಾಮಾನ್ಯವಾಗಿ ಹೇಳುವುದಿಲ್ಲ. 2009ರಲ್ಲಿ ಹೊರಬಂದ ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯು ಮಾಹಿತಿಯನ್ನು ಬಣ್ಣವೊಂದರಿಂದಲೇ ತಿಳಿಸಕೂಡದೆಂದು ವಿಧಿಸಿದೆ. ಆದುದರಿಂದ ‘ಅತ್ಯಂತ ಭಾರಿ’, ‘ಭಾರಿ’ ಎಂಬ ಪದಗಳನ್ನು ಆಯಾ ಸಾಲಿನಲ್ಲಿಯೇ ಸೇರಿಸಬೇಕು. ಇದು ಪರಿವರ್ತಕದಿಂದ ಆಗುವ ಕೆಲಸವಲ್ಲ. 31 ಎಂಬ ಸಂಖ್ಯೆಗೆ ಕೆಂಪೆಂಬುದು ಗೊತ್ತು, ಮಳೆಯೆಂಬುದು ಗೊತ್ತಿಲ್ಲ. ಅರ್ಥವನ್ನು ಬಲ್ಲದ್ದು ಮೂಲ ಕ್ರಮವಿಧಿ ಮಾತ್ರ; ಪದವು ಅಲ್ಲಿಂದಲೇ ಹೊರಡಬೇಕು.

ಕನ್ನಡದ ಸಾಲು

ಟರ್ಮಿನಲ್ ತೆರೆಯು ಸಮಾನ ಅಗಲದ ಮನೆಗಳಾಗಿ ವಿಭಾಗಗೊಂಡಿದೆ. ಒತ್ತಕ್ಷರ, ಗುಣಿತಾಕ್ಷರಗಳಿಂದ ಕೂಡಿದ ಕನ್ನಡ ಆ ಮನೆಗಳಲ್ಲಿ ಇಕ್ಕಟ್ಟಾಗಿ ಕೂರುತ್ತದೆ. ಜಾಲಪುಟದಲ್ಲಿ ಅದಕ್ಕೆ ತನ್ನ ಸಹಜವಾದ ಅಗಲ ದೊರೆಯುತ್ತದೆ. ಆದರೆ ಬಣ್ಣದ ಗಡಿಯು ಅಕ್ಷರದ ನಡುವೆ ಬೀಳದಂತೆ ಎಚ್ಚರ ವಹಿಸಬೇಕು. ಯುನಿಕೋಡ್‌ನಲ್ಲಿ ‘ಲಾ’ ಎಂಬುದು ‘ಲ’ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳು. ದಾಖಲೆಯಲ್ಲಿ ‘ಕೊಲ’ ಎಂದು ಹುಡುಕಿ, ಸಿಕ್ಕಿದುದನ್ನು ಕೆಂಪಾಗಿಸಲು ಹೇಳಿದರೆ, ‘ಕೊಲಾಬಾ’ದಲ್ಲಿ ‘ಲ’ಕಾರದ ಮುಂದೆಯೇ ಬಣ್ಣ ನಿಲ್ಲುತ್ತದೆ, ದೀರ್ಘವು ಅನಾಥವಾಗಿ ಗಡಿಯಾಚೆ ಉಳಿಯುತ್ತದೆ. ‘ಸಾಂತಾಕ’ ಎಂದು ಹುಡುಕಿದರೆ ‘ಕ್ರೂ’ ಎಂಬ ಒತ್ತಕ್ಷರವೇ ಸೀಳಿಹೋಗುತ್ತದೆ. ಇಂತಹ ಕಡೆ ಚುಕ್ಕಿಗಳ ವೃತ್ತವೊಂದು ಮೂಡಿ ಬರಹ ಕೆಡುವುದುಂಟು. ಪರಿವರ್ತಕವು ಬಣ್ಣದ ಆಜ್ಞೆಯನ್ನು ಕಂಡಾಗ, ಮುಂದಿನ ಸಂಕೇತವು ಗುಣಿತದ ಚಿಹ್ನೆಯೋ ಹಲಂತವೋ ಎಂದು ನೋಡಿ, ಹಾಗಿದ್ದಲ್ಲಿ ಪೂರ್ಣಾಕ್ಷರ ಮುಗಿಯುವವರೆಗೆ ಆವರಣವನ್ನು ಮುಚ್ಚದೆ ಕಾಯಬೇಕು.

ಸಿದ್ಧವಾದ ಪುಟವನ್ನು ಪರೀಕ್ಷಿಸಲು ದುಬಾರಿ ಸಾಧನ ಬೇಕಿಲ್ಲ. ಕಪ್ಪುಬಿಳುಪು ಮುದ್ರಕದಲ್ಲಿ ಒಂದು ಪ್ರತಿ ತೆಗೆದು, ಟರ್ಮಿನಲ್ ಕಂಡರಿಯದ ಒಬ್ಬರ ಕೈಗೆ ಕೊಟ್ಟು, ಎರಡರಲ್ಲಿ ಯಾವ ಸ್ಥಳದ ಮಳೆ ಹೆಚ್ಚು ಅಪಾಯದ್ದೆಂದು ಕೇಳಬಹುದು.